‘ಯಾಕೆ ಮಾಡಿದೆ?’ ಎಂದು ಮೊದಲು ಕೇಳಬೇಡಿ

ಅಪರಾಧದ ಆರೋಪ ಹೊತ್ತ ಮಕ್ಕಳ ಹಿನ್ನೆಲೆ ವಿಚಾರಿಸಿ ನ್ಯಾಯಾಧೀಶರಿಗೆ ವರದಿ ಕೊಡುವುದು, ಆದೇಶವಾದ ಮೇಲೆ ಅವರ ಮೇಲೆ ನಿಗಾ ಇಡುವುದು ಪ್ರೊಬೇಷನ್ ಅಧಿಕಾರಿಯಾದ ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವ ಮಾತು: ಹುಡುಗ ಎದುರಿಗೆ ಕುಳಿತ ಕೂಡಲೇ ‘ಯಾಕೆ ಮಾಡಿದೆ?’ ಎಂದು ಕೇಳಬೇಡಿ. ಆ ಪ್ರಶ್ನೆಯನ್ನು ಅವನು ಠಾಣೆಯಲ್ಲಿ ಕೇಳಿಸಿಕೊಂಡಿರುತ್ತಾನೆ, ಮನೆಯಲ್ಲಿ ಏಟಿನ ಜೊತೆಗೆ ಕೇಳಿಸಿಕೊಂಡಿರುತ್ತಾನೆ. ಎಷ್ಟೋ ಸಲ ಉತ್ತರ ಅವನಿಗೇ ಗೊತ್ತಿರುವುದಿಲ್ಲ. ತಲೆ ತಗ್ಗಿಸಿ ಸುಮ್ಮನಾಗುತ್ತಾನೆ. ಆ ಮೌನ ನೋಡಿ ‘ಪಶ್ಚಾತ್ತಾಪವಿಲ್ಲ’ ಎಂದು ಬರೆದುಬಿಡುವವರಿದ್ದಾರೆ. ಆ ಮಾತು ಕಡತ ಸೇರಿತೆಂದರೆ ಮುಂದೆ ಯಾರು ತೆರೆದರೂ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

ನಾನು ಕೇಳುವುದು ದಿನಚರಿ. ಎಷ್ಟು ಹೊತ್ತಿಗೆ ಏಳುತ್ತೀಯ, ಆಗ ಮನೆಯಲ್ಲಿ ಯಾರಿರುತ್ತಾರೆ, ಸಂಜೆ ಎಲ್ಲಿರುತ್ತೀಯ, ರಾತ್ರಿ ಬಾಗಿಲು ತೆರೆಯುವವರು ಯಾರು? ಬೈಕ್ ಕದ್ದ ಆರೋಪದ ಮೇಲೆ ಬಂದಿದ್ದ ಒಬ್ಬ ಹುಡುಗ (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಬೆಳಗಿನ ಲೆಕ್ಕವನ್ನು ಸಲೀಸಾಗಿ ಒಪ್ಪಿಸಿದ. ಸಂಜೆಗೆ ಬಂದಾಗ ಮಾತು ತಡವರಿಸಿತು. ಕುರ್ಚಿಯ ಹರಿದ ರೆಕ್ಸಿನ್ ಅನ್ನು ಉಗುರಿನಿಂದ ಕೆರೆಯುತ್ತಾ, ತಾಯಿ ರಾತ್ರಿ ಪಾಳಿಗೆ ಹೋದ ಮೇಲೆ ಮನೆಯಲ್ಲಿ ತಾನೊಬ್ಬನೇ ಎಂದ. ಒಬ್ಬನೇ ಮಲಗಲು ಹೆದರಿಕೆ, ಅದಕ್ಕೇ ರಸ್ತೆಯ ಕೊನೆಯಲ್ಲಿ ಸೇರುವ ದೊಡ್ಡ ಹುಡುಗರ ಜೊತೆ ಇರುತ್ತಿದ್ದೆ ಎಂದ. ಬೈಕ್ ತಳ್ಳಿಕೊಂಡು ಬಾ ಎಂದು ಹೇಳಿದ್ದು ಆ ಹುಡುಗರೇ. ಹರೆಯದವರ ಅಪರಾಧಗಳಲ್ಲಿ ಗುಂಪಿನ ಪಾತ್ರ ದೊಡ್ಡದು; ಒಂಟಿಯಾಗಿದ್ದಾಗ ಹಿಂಜರಿಯುವವನೇ ಗೆಳೆಯರ ಕಣ್ಣೆದುರು ಮುನ್ನುಗ್ಗುತ್ತಾನೆ.

ಹೀಗೆ ಸಿಕ್ಕಿದ ವಿವರದಿಂದಲೇ ಯೋಜನೆ ಹುಟ್ಟುತ್ತದೆ. ‘ಸನ್ನಡತೆಯಿಂದ ಇರತಕ್ಕದ್ದು’ ಎಂಬ ಷರತ್ತಿನಿಂದ ಆ ಹುಡುಗನ ರಾತ್ರಿ ತುಂಬುವುದಿಲ್ಲ. ಪಾಳಿಯ ರಾತ್ರಿಗಳಲ್ಲಿ ಅವನು ಚಿಕ್ಕಮ್ಮನ ಮನೆಯಲ್ಲಿ ಮಲಗಬೇಕು, ಸಂಜೆ ಗ್ಯಾರೇಜಿನಲ್ಲಿ ಕೆಲಸ ಕಲಿಯಬೇಕು ಎಂದು ನಾನು ಬರೆದೆ. ಚಿಕ್ಕಮ್ಮನನ್ನು ಖುದ್ದಾಗಿ ಕಂಡು ಒಪ್ಪಿಸಿದ ಮೇಲೆಯೇ ಬರೆದದ್ದು. ಒಪ್ಪದವರ ಹೆಸರನ್ನು ವರದಿಯಲ್ಲಿ ಹಾಕಿದರೆ ಅದು ಕಾಗದದಲ್ಲೇ ಉಳಿಯುತ್ತದೆ.

ಇದನ್ನು ಅಧಿಕಾರಿಯ ಮೃದು ಮನಸ್ಸು ಎಂದು ತಳ್ಳಿಹಾಕುವವರಿಗೆ ಹೇಳಬೇಕಾದ್ದಿದೆ. ಆರೋಪ ಹೊತ್ತ ಮಕ್ಕಳಿಗೆ ನ್ಯಾಯ ನೀಡುವ ರೀತಿಯ ಬಗ್ಗೆ ವಿಶ್ವಸಂಸ್ಥೆ 1985ರಲ್ಲಿ ಅಂಗೀಕರಿಸಿದ ಬೀಜಿಂಗ್ ನಿಯಮಗಳ 16ನೇ ನಿಯಮ, ಸಣ್ಣಪುಟ್ಟ ಪ್ರಕರಣಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಅಂತಿಮ ಆದೇಶಕ್ಕೆ ಮೊದಲು ಮಗುವಿನ ಹಿನ್ನೆಲೆ, ಪರಿಸ್ಥಿತಿಗಳನ್ನು ಸರಿಯಾಗಿ ವಿಚಾರಿಸಲೇಬೇಕು ಎನ್ನುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 37ನೇ ವಿಧಿಯ ಪ್ರಕಾರ ಮಗುವನ್ನು ಬಂಧನದಲ್ಲಿಡುವುದು ಕೊನೆಯ ಉಪಾಯವಾಗಿರಬೇಕು, ಅವಧಿಯೂ ಆದಷ್ಟು ಕಡಿಮೆಯಿರಬೇಕು. ಇನ್ನು ಹೆದರಿಸಿ ದಾರಿಗೆ ತರುವ ಮಾತು. ಅಮೆರಿಕದಲ್ಲಿ 1970ರ ದಶಕದಿಂದ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಗದರಿಸುವ ಕಾರ್ಯಕ್ರಮಗಳು ನಡೆದವು. ಹಾಗೆ ಹೋಗಿಬಂದವರನ್ನೂ ಹೋಗದವರನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಮತ್ತೆ ಅಪರಾಧಕ್ಕಿಳಿಯುವುದು ಹೋಗಿಬಂದವರಲ್ಲೇ ಹೆಚ್ಚು ಎಂದು ಕಂಡುಬಂತು. ಇಷ್ಟು ತಿಳಿದ ಮೇಲೂ ‘ಒಂದು ಸಲ ಜೈಲು ತೋರಿಸಿ, ಬುದ್ಧಿ ಬರುತ್ತದೆ’ ಎನ್ನುವವರ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ.

ನಷ್ಟ ಅನುಭವಿಸಿದವರನ್ನು ಮರೆಯಬಾರದು. ಬೈಕಿನ ಮಾಲೀಕರಿಗೆ ಕ್ಷಮೆಗಿಂತ ಮುಖ್ಯವಾಗಿ ಬೇಕಿದ್ದದ್ದು ಆ ಹುಡುಗರು ಮತ್ತೆ ತಮ್ಮ ಮನೆಯ ಹತ್ತಿರ ಸುಳಿಯುವುದಿಲ್ಲ ಎಂಬ ಭರವಸೆ. ಮಾಲೀಕರನ್ನು ಕೇಳದೆ ಅವರ ಪಾಡಿಗೆ ಬಿಟ್ಟಿದ್ದರೆ ನಮಗೆ ಅದು ತಿಳಿಯುತ್ತಲೇ ಇರಲಿಲ್ಲ.

ಕೊನೆಯದಾಗಿ, ಗೋಪ್ಯತೆಯ ವಿಚಾರ. ಕೆಲಸ ಕೊಡುವವರು ಫೋನ್ ಮಾಡಿ ‘ಈ ಹುಡುಗನ ಮೇಲೆ ಏನಾದರೂ ಇದೆಯೇ?’ ಎಂದು ಕೇಳುವುದುಂಟು. ಬೀಜಿಂಗ್ ನಿಯಮಗಳ ಪ್ರಕಾರ ಈ ದಾಖಲೆಗಳು ಕಟ್ಟುನಿಟ್ಟಾಗಿ ಗೋಪ್ಯ. ‘ಅವನ ಬಗ್ಗೆ ಹೇಳಲಾರೆ’ ಎಂದರೂ ಏನೋ ಇದೆ ಎಂದು ಹೇಳಿದಂತೆಯೇ. ಆದ್ದರಿಂದ ದಾಖಲೆಯಲ್ಲಿ ಹೆಸರಿರಲಿ, ಇಲ್ಲದಿರಲಿ, ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಈ ಕಚೇರಿಯಿಂದ ಯಾರ ಬಗ್ಗೆಯೂ ಇಂಥ ಮಾಹಿತಿ ಕೊಡುವುದಿಲ್ಲ.