ಬಿ. ತೆಂಜಿನ್

ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿ ಹನ್ನೊಂದನೇ ದಿನ. 2018ರ ಡಿಸೆಂಬರ್. ಹಾಸನವನ್ನು ಬಡವರ ಊಟಿ ಅಂತ ಸುಮ್ನೆ ಕರೆಯೋದಿಲ್ಲ, ಬೆಳಗ್ಗೆ ಒಂಬತ್ತಾದರೂ ಬಿ.ಎಂ. ರಸ್ತೆ ಮಂಜಲ್ಲಿತ್ತು. ಹತ್ತು ದಿನ ನಾನು ಮಾಡಿದ್ದು ಸಂಘ ಸಂಸ್ಥೆಗಳ ಪ್ರಕಟಣೆಗಳನ್ನು ಮೂರು ಸಾಲಿಗೆ ಇಳಿಸೋ ಕೆಲಸ. ಅವತ್ತು ಡೆಸ್ಕಿನ ಹಿರಿಯರು ಮಫ್ಲರ್ ಸರಿಮಾಡಿಕೊಳ್ಳುತ್ತಾ, "ಟಿಬೆಟಿಯನ್ನರು ಸ್ವೆಟರ್ ಅಂಗಡಿ ಹಾಕಿದ್ದಾರಂತೆ, ಒಂದು ನುಡಿಚಿತ್ರ ಮಾಡ್ಕೊಂಡು ಬಾರಮ್ಮ" ಅಂದರು. ನನ್ನ ಹೆಸರಲ್ಲಿ ಬರೋ ಮೊದಲ ಬರಹ! ಹೊಸ ನೋಟ್‌ಬುಕ್ ತೆಗೆದುಕೊಂಡೇ ಹೊರಟೆ.

ಮೊದಲ ಅಂಗಡಿಯಲ್ಲಿದ್ದವರಿಗೆ ನಲವತ್ತು ದಾಟಿತ್ತು. "ಬನ್ನಿ ಅಕ್ಕ, ಒಳ್ಳೆ ಮಾಲು" ಅಂದರು. ನಾನೂ ಅಕ್ಕ ಅಂದೆ. "ಇದೆಲ್ಲ ನೀವೇ ಹೆಣೆದಿದ್ದಾ ಅಕ್ಕ?" ಅವರು ಬಿದ್ದು ಬಿದ್ದು ನಕ್ಕರು. ಎಲ್ಲವೂ ಲೂಧಿಯಾನದ ಮಾಲು. ಅಲ್ಲಿಂದ ಸಾಲಕ್ಕೆ ತಂದು, ಚಳಿಗಾಲ ಪೂರ್ತಿ ಮಾರಿ, ಸಾಲ ತೀರಿಸಿ, ಅವರ ಹೊಸ ವರ್ಷದ ಲೋಸರ್ ಹಬ್ಬದ ಹೊತ್ತಿಗೆ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿಗೆ ವಾಪಸ್. ಟಿಬೆಟ್‌ನ ಉಣ್ಣೆ, ಅಜ್ಜಿಯರ ಕೈಕಸುಬು ಅಂತೆಲ್ಲ ದಾರಿಯಲ್ಲೇ ಕಟ್ಟಿಕೊಂಡಿದ್ದ ಪೀಠಿಕೆ ಅಲ್ಲಿಗೆ ಮುಗಿಯಿತು.

ಹೆಸರು ಕೇಳಿದೆ. ತೆಂಜಿನ್. ಪಕ್ಕದ ಅಂಗಡಿಯ ಹುಡುಗನೂ ತೆಂಜಿನ್. ಎದುರಿನ ಅಜ್ಜನೂ ತೆಂಜಿನ್. ದಲೈ ಲಾಮಾ ಅವರ ಹೆಸರು ತೆಂಜಿನ್ ಗ್ಯಾತ್ಸೊ ಅಲ್ವಾ, ಅವರ ಕೈಲಿ ಹೆಸರಿಡಿಸಿಕೊಂಡ ಮಕ್ಕಳಿಗೆಲ್ಲ ಮೊದಲು ತೆಂಜಿನ್, ಆಮೇಲೆ ಇನ್ನೊಂದು. ಮನೆತನದ ಹೆಸರು ಅಂತ ಸಾಮಾನ್ಯವಾಗಿ ಇರೋದಿಲ್ಲವಂತೆ.

"ಸ್ವಂತ ಊರು ಅಕ್ಕ?"

ಜರ್ಕಿನ್ ಮಡಿಸುತ್ತಿದ್ದ ಕೈ ನಿಂತಿತು. "ಅಮ್ಮಂದು ಹೇಳ್ಲಾ, ನಂದು ಹೇಳ್ಲಾ?"

1959ರ ಮಾರ್ಚಿನಲ್ಲಿ ದಲೈ ಲಾಮಾ ಲಾಸಾ ಬಿಟ್ಟರಲ್ಲ, ಅದಾದ ಮೇಲೆ ಅಮ್ಮ ಹಿಮ ತುಳಿದುಕೊಂಡು ಬಂದವರು. ಆಗ ಹದಿನೈದು ವರ್ಷ. ಮೊದಲು ಬೆಟ್ಟದ ರಸ್ತೆಗಳಲ್ಲಿ ಕಲ್ಲು ಒಡೆದರು. ಆಮೇಲೆ ಬೈಲಕುಪ್ಪೆ. ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆ ಆಗ ಬರೀ ಕಾಡು. ಮರ ಕಡಿದು ಜೋಳ ಹಾಕಿದರೆ ರಾತ್ರಿ ಆನೆ. ಈ ಅಕ್ಕ ಹುಟ್ಟಿದ್ದು ಅಲ್ಲೇ, ಕ್ಯಾಂಪಿನಲ್ಲಿ, 1974ರಲ್ಲಿ. ಟಿಬೆಟ್ ನೋಡಿಯೇ ಇಲ್ಲ. ಬೇಕಾದರೆ ನೋಡಿ ಅಂತ ಪ್ಲಾಸ್ಟಿಕ್ ಕವರಿನಿಂದ 'ಆರ್‌ಸಿ' ತೆಗೆದರು. ಇವರ್ಯಾಕೆ ಗಾಡಿ ದಾಖಲೆ ತೋರಿಸ್ತಿದಾರೆ ಅಂದುಕೊಂಡೆ. ನೋಡಿದರೆ ವಿದೇಶಿಯರ ನೋಂದಣಿ ಪುಸ್ತಕ. ಫೋಟೋ ಮೇಲೆ ಅರ್ಧ ಅಳಿಸಿದ ಸೀಲು, ಮಡಿಕೆಯಲ್ಲಿ ಹರಿದು ಟೇಪ್ ಅಂಟಿಸಿದ್ದು. ನನಗಿಂತ ಜೋರಾಗಿ ನಮ್ಮ ಕಡೆಯ ಕನ್ನಡದಲ್ಲಿ ಚೌಕಾಶಿ ಮಾಡೋ ಹೆಂಗಸಿನ ಕೈಯಲ್ಲಿ!

1987ರ ಜುಲೈ 1ಕ್ಕೆ ಮುಂಚೆ ಇಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಭಾರತದ ಪ್ರಜೆಗಳೇ ಅಂತ ನಾನು ಓದಿದ್ದೆ. ಕೇಳಿಯೇಬಿಟ್ಟೆ. "ಗೊತ್ತು, ನಮ್ಮೋರು ಕೆಲವರು ಮಾಡಿಸ್ಕೊಂಡಿದಾರೆ" ಅಂದರು. "ಅಮ್ಮ ಇರೋತನಕ ನನಗೆ ಬೇಡ. ಬ್ಯಾಗ್ ಕಟ್ಟಿಟ್ಟಿದಾಳೆ ಇನ್ನೂ." ಅಷ್ಟರಲ್ಲಿ ಗಿರಾಕಿ ಬಂದರು, ಮಂಕಿಕ್ಯಾಪ್‌ಗೆ.

ಸಂಜೆ ಬರೆದು ಕೊಟ್ಟೆ. ಡೆಸ್ಕಿನವರು ಕನ್ನಡಕ ಏರಿಸಿದರು. "ಮೂರು ಜನಾನೂ ತೆಂಜಿನ್ನಾ? ಆಫೀಸಲ್ಲೇ ಕೂತು ಬರೆದ್ಯೇನಮ್ಮ?" ನನಗೆ ಅಳು ಬರೋದೊಂದೇ ಬಾಕಿ. ವಿವರಿಸಿದೆ. ಅವರು ಇಬ್ಬರು ತೆಂಜಿನ್ನರನ್ನು ಹೊಡೆದುಹಾಕಿದರು. ಅಮ್ಮನ ಬ್ಯಾಗೂ ಹೋಯಿತು, ಜಾಗ ಇಲ್ಲವಂತೆ. ಆ ಕೋಪ ನನಗೆ ಇವತ್ತಿಗೂ ಇದೆ. ಶೀರ್ಷಿಕೆ ಮಾತ್ರ ಐದು ಕಾಲಂ: 'ಟಿಬೆಟ್ ಸ್ವೆಟರ್‌ಗೆ ಮುಗಿಬಿದ್ದ ಜನ'. ಲೂಧಿಯಾನ ಎರಡನೇ ಪ್ಯಾರಾದಲ್ಲಿತ್ತು, ಯಾರು ಓದ್ತಾರೆ.

ಮಾರನೇ ದಿನ ಪತ್ರಿಕೆ ಹಿಡಿದು ಹೋದೆ. ಅಕ್ಕನಿಗೆ ಕನ್ನಡ ಓದಲು ಬರೋದಿಲ್ಲ. ನಾನೇ ಓದಿ ಹೇಳಿದೆ. ಹೆಸರಿನ ಹತ್ತಿರ ನನಗೇ ನಾಲಿಗೆ ತಡೆಯಿತು. ಇನಿಷಿಯಲ್ ಇಲ್ಲದ ಹೆಸರು ನಮ್ಮ ಡೆಸ್ಕಿಗೆ ಒಗ್ಗಿರಲಿಲ್ಲ. ಎರಡನೇ ಹೆಸರು ತೆಗೆದು 'ಬಿ. ತೆಂಜಿನ್' ಅಂತ ಹಾಕಿದ್ದರು.

"ಬಿ ಅಂದ್ರೆ?"

"ಬೈಲಕುಪ್ಪೆ ಅಕ್ಕ. ನಮ್ಮಲ್ಲಿ ಊರಿನ ಹೆಸರು ಮುಂದೆ ಹಾಕ್ತೀವಿ."

ಅಕ್ಕ ಎದುರಿನ ಅಜ್ಜನಿಗೆ ಕೂಗಿ ಹೇಳಿದರು. ಅಜ್ಜ ನಗಲಿಲ್ಲ. ಅಕ್ಕ ನಕ್ಕರು. ಆಮೇಲೆ ಪತ್ರಿಕೆಯನ್ನು ಸ್ವೆಟರ್ ರಾಶಿ ಮೇಲೆ ಹರಡಿಕೊಂಡು ಅಮ್ಮನಿಗೆ ಫೋನ್ ಹಚ್ಚಿದರು. ಬೆರಳಿಟ್ಟು ಟಿಬೆಟನ್‌ನಲ್ಲಿ ಏನೇನೋ ಹೇಳಿದರು. ಹೆಸರು ಬಂದಾಗ ಕಿವಿಗೊಟ್ಟೆ. ತೆಂಜಿನ್ ಅಂದರು, ಎರಡನೇ ಹೆಸರನ್ನೂ ಸೇರಿಸಿದರು. ಬಿ ಹೇಳಲಿಲ್ಲ.