ರಂಡೆಣ್ಣಂ ಎಡುಕ್ಕ್

"ರಂಡೆಣ್ಣಂ ಎಡುಕ್ಕ್." ಮಲಯಾಳದಲ್ಲಿ, ಎರಡು ತೆಗಿ ಅಂತ. ಭಾನುವಾರದಿಂದ ಇದೇ ಮಾತು ತಲೆಯಲ್ಲಿ ಸುತ್ತುತ್ತಿದೆ.

ಅಕ್ಕನ ಮಗನನ್ನು ಬದಿಯಡ್ಕದಿಂದ ಕಾಸರಗೋಡಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೆ ಬಂದಿತ್ತು. ಒಂದು ಮಹಡಿ ಕೋಣೆ, ಹತ್ತು ಹನ್ನೆರಡು ಮಕ್ಕಳು, ಪೋಕೆಮಾನ್ ಕಾರ್ಡು. ಪೇಟೆ ಕೆಲಸ ಮುಗಿಸಿ ಬರುವಾ ಅಂದುಕೊಂಡವನು ಅಲ್ಲೇ ಕೂತುಬಿಟ್ಟೆ.

ಈ ಆಟಕ್ಕೆ ಅವರವರ ಕಟ್ಟು ಅವರವರೇ ತರಬೇಕು. 60 ಕಾರ್ಡು. ಒಂದೇ ಹೆಸರಿನದು 4ಕ್ಕಿಂತ ಜಾಸ್ತಿ ಇರಬಾರದು, ಹೊಡೆಯಲು ಬಲ ಕೊಡುವ ಬೇಸಿಕ್ ಎನರ್ಜಿ ಕಾರ್ಡಿಗೆ ಮಾತ್ರ ಆ ಲೆಕ್ಕ ಇಲ್ಲ. ಮೊದಲೇ ಆರು ಪ್ರೈಸ್ ಕಾರ್ಡು ಕವುಚಿ ಇಡುತ್ತಾರೆ. ಎದುರಿನವನ ಪೋಕೆಮಾನ್, ಅಂದರೆ ಕಾರ್ಡಲ್ಲಿರುವ ಪ್ರಾಣಿ, ಪೆಟ್ಟು ತಿಂದು ಬಿದ್ದರೆ ನಿಮ್ಮ ಪ್ರೈಸಿಂದ ಒಂದು ತೆಗೆಯಬಹುದು. ಇಎಕ್ಸ್ ಅನ್ನುವ ಜೋರಿನದು ಬಿದ್ದರೆ ಎರಡು. ಆರೂ ಮೊದಲು ಮುಗಿಸಿದವ ಗೆದ್ದ.

ನಮ್ಮವನಿಗೆ ಎರಡು ಬಾಕಿ. ಎದುರಿಗಿದ್ದ ಕಾಞಂಗಾಡಿನ ಹುಡುಗನಿಗೆ ಒಂದೇ. ನಮ್ಮವ ಬಾಸಸ್ ಆರ್ಡರ್ಸ್ ಅನ್ನುವ ಕಾರ್ಡು ಹಾಕಿ, ಪೆಟ್ಟು ತಿಂದು ಹಿಂದಿನ ಸಾಲಲ್ಲಿ ಅಡಗಿದ್ದದ್ದನ್ನು ಮುಂದಕ್ಕೆ ಎಳೆದ. ಹೊಡೆದ. ಬಿತ್ತು. ಗಡಿಬಿಡಿಯಲ್ಲಿ ಒಂದೇ ಪ್ರೈಸ್ ತೆಗೆದು "ನಿನ್ನ ಆಟ" ಅಂದ.

ಎದುರಿನವ ಸುಮ್ನೆ ಇದ್ದರೆ ಸಾಕಿತ್ತು. ಇನ್ನೊಂದು ಏಟಿಗೆ ಅವನೇ ಗೆಲ್ಲುತ್ತಿದ್ದ. ಅವನು ಕಾರ್ಡಿನ ಮೇಲೆ ಬೆರಳಿಟ್ಟು "ಇಎಕ್ಸ್ ಅಲ್ಲೇ? ರಂಡೆಣ್ಣಂ ಎಡುಕ್ಕ್" ಅಂದ. ಇದು ಇಎಕ್ಸ್ ಅಲ್ವಾ, ಎರಡು ತೆಗಿ ಅಂತ. ಸೋತ.

ಬಸ್ಸಲ್ಲಿ "ಎಂಥ ಒಳ್ಳೆ ಹುಡುಗ ಅಲ್ವಾ" ಅಂದೆ. ಅಳಿಯ ಕಿಟಕಿಯಿಂದ ಮುಖ ತಿರುಗಿಸದೆ, "ಅದು ರೂಲ್ ಮಾವ. ಬೋರ್ಡ್ ಸರಿ ಇದೆಯಾ ಅಂತ ಇಬ್ಬರೂ ನೋಡಬೇಕು" ಅಂದ.

ರೂಲಂತೆ! ರೂಲ್ ಇದ್ದರೇನು, ಆ ಹೊತ್ತಿಗೆ ಬಾಯಿ ಬರಬೇಕಲ್ಲ. ಅವನ ಮುಖದಲ್ಲಿ ತ್ಯಾಗ ಮಾಡಿದ ಗತ್ತೂ ಇರಲಿಲ್ಲ. ಯಾರದೋ ಕಿಸೆಯಿಂದ ಬಿದ್ದ ಚಿಲ್ಲರೆ ತೋರಿಸಿದ ಹಾಗೆ, ಅಷ್ಟೇ.

ಭಾವನಿಗೆ ಹೇಳಿದರೆ "ಪೆದ್ದ ಅದು" ಅಂತ ನಕ್ಕ. ಭಾವ ಹಾಗೆಯೇ. ಇಸ್ಪೀಟೆಲೆಯ ಇಪ್ಪತ್ತೆಂಟು ಆಟದಲ್ಲಿ ನನ್ನ ಜೋಡಿ ಅವನೇ. ಗುಲಾಮನಿಗೆ 3 ಪಾಯಿಂಟು, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಈ ಲೆಕ್ಕಕ್ಕಿಂತ ಮೊದಲು ನಾನು ಕಲಿತದ್ದು ಭಾವನ ಸನ್ನೆ. ಕಿವಿ ಮುಟ್ಟಿದರೆ ಆಟೀನ್ ಗುಲಾಮ. ಮೀಸೆ ತೀಡಿದರೆ ಇಸ್ಪೀಟಿನ ಗುಲಾಮ. ಎಷ್ಟೋ ಮದುವೆಮನೆಗಳಲ್ಲಿ ಹೀಗೇ ಗೆದ್ದಿದ್ದೇವೆ. ಎದುರು ಜೋಡಿಯೂ ಸುಮ್ನೆ ಕೆಮ್ಮುವುದಿಲ್ಲ, ಅದೂ ಗೊತ್ತು. ಯಾರೂ ಇದನ್ನು ಮೋಸ ಅಂದದ್ದಿಲ್ಲ. ಚುರುಕು ಅನ್ನುತ್ತೇವೆ.

ಬುಧವಾರ ಪಕ್ಕದ ಮನೆಯಲ್ಲಿ ಪೂಜೆ. ಊಟ ಆಗಿ ಚಾಪೆ ಹಾಸಿದರು. ಅಳಿಯ ನನ್ನ ಬೆನ್ನ ಹಿಂದೆಯೇ ಬಂದು ಕೂತ. ಎರಡನೇ ಆಟದಲ್ಲಿ ಭಾವ ಕಿವಿ ಮುಟ್ಟಿದ. ನಾನು ಆಟೀನ್ ಇಳಿಸಿದೆ. ಗೆದ್ದೆವು.

"ಅಪ್ಪನ ಕೈಯಲ್ಲಿ ಗುಲಾಮ ಇದೆ ಅಂತ ಹೇಗೆ ಗೊತ್ತಾಯಿತು ಮಾವ?"

ಅಂದಾಜು, ಅಂದೆ.