ಆ ಕ್ರೂರಿ ಜನರಲ್ ಆಗಿದ್ದವನೇ ಈ ಸಿನಿಮಾ ಮಾಡಿದ್ದಾ?

ಶನಿವಾರ ರಾತ್ರಿ ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ ಹಳೇ ಸಿನಿಮಾ ಹಾಕುತ್ತೇವೆ. ಏಳೆಂಟು ಜನ ಸೇರುತ್ತಾರೆ. ಮೆಕ್ಸಿಕೋದ ‘ಮರಿಯಾ ಕಂದೆಲಾರಿಯಾ’ ಹಾಕಿದಾಗಲೆಲ್ಲ ಒಂದೇ ಕಥೆ. ಸಿನಿಮಾ ಮುಗಿದು ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತಾರೆ, ಆಮೇಲೆ ಯಾರೋ ಒಬ್ಬರು ಫೋನ್ ತೆಗೆದು ನಿರ್ದೇಶಕ ಯಾರು ಅಂತ ಹುಡುಕುತ್ತಾರೆ, ಫೋಟೋ ನೋಡಿ ಬೆಚ್ಚಿಬೀಳುತ್ತಾರೆ. “ಇವನು ಹಾಲಿವುಡ್ ಸಿನಿಮಾ ‘ದಿ ವೈಲ್ಡ್ ಬಂಚ್’ನಲ್ಲಿ ಆ ಹುಡುಗನ ಕತ್ತು ಕುಯ್ಯುವ ಜನರಲ್ ಅಲ್ವಾ? ಇಷ್ಟು ಮೆತ್ತಗಿನ ಸಿನಿಮಾನ ಅವನು ಮಾಡಿದ್ದಾ?”

ಹೌದು, ಅವನೇ. ಎಮಿಲಿಯೋ ಫರ್ನಾಂಡೆಸ್. ಅಡ್ಡಹೆಸರು ‘ಎಲ್ ಇಂದಿಯೋ’. ನಮ್ಮ ಇಂಡಿಯಾಕ್ಕೂ ಆ ಹೆಸರಿಗೂ ಸಂಬಂಧ ಇಲ್ಲ, ಅದು ಅಮೆರಿಕ ಖಂಡದ ಮೂಲನಿವಾಸಿ ಅನ್ನುವ ಅರ್ಥದ್ದು. ತಾಯಿ ಕಿಕಾಪೂ ಬುಡಕಟ್ಟಿನವಳು. ಹುಟ್ಟಿದ್ದು 1904ರಲ್ಲಿ, ಉತ್ತರ ಮೆಕ್ಸಿಕೋದ ಕೊವಾವಿಲಾ ರಾಜ್ಯದಲ್ಲಿ.

ಪ್ರಶ್ನೆ ಕೇಳುವವರು ಅವನನ್ನು ಎರಡು ಬೇರೆ ಬೇರೆ ಮನುಷ್ಯ ಅಂದುಕೊಳ್ಳುತ್ತಾರೆ. ಒಬ್ಬ ದೊಡ್ಡ ನಿರ್ದೇಶಕ, ಇನ್ನೊಬ್ಬ ಹಾಲಿವುಡ್‌ನ ಮೀಸೆ ವಿಲನ್. ನನಗೆ ಹಾಗೆ ಅನ್ನಿಸುವುದಿಲ್ಲ. ಅವನ ನಿರ್ದೇಶನ ಹುಟ್ಟಿದ್ದೇ ಅವನ ನಟನೆಯೊಳಗಿಂದ. ತನ್ನ ಮುಖವನ್ನು ಕ್ಯಾಮೆರಾ ಹೇಗೆ ನೋಡುತ್ತದೆ ಅನ್ನುವುದನ್ನು ಅವನು ಮೈಯಿಂದ ಕಲಿತಿದ್ದ.

ಸ್ವಲ್ಪ ಹಿಂದಕ್ಕೆ ಹೋಗೋಣ. 1923ರಲ್ಲಿ ರಾಜಕಾರಣಿ ಅದೋಲ್ಫೋ ದೆ ಲಾ ವೆರ್ತಾ ಮೆಕ್ಸಿಕೋ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಈ ಹುಡುಗನೂ ಅದರಲ್ಲಿದ್ದ. ದಂಗೆ ಸೋತಿತು. ಇವನು ಸಿಕ್ಕಿಬಿದ್ದ, ಜೈಲಿಂದ ತಪ್ಪಿಸಿಕೊಂಡ, ಗಡಿ ದಾಟಿ ಅಮೆರಿಕ ಸೇರಿದ. ಲಾಸ್ ಏಂಜಲೀಸ್‌ನಲ್ಲಿ ಕೈಗೆ ಸಿಕ್ಕಿದ ಕೆಲಸ ಮಾಡಿದ, ಹಾಲಿವುಡ್‌ನಲ್ಲಿ ಗುಂಪಿನಲ್ಲಿ ನಿಲ್ಲುವ ಎಕ್ಸ್‌ಟ್ರಾ ಆದ. ಸೋತ ನಾಯಕ ದೆ ಲಾ ವೆರ್ತಾ ಕೂಡ ಆಗ ಅದೇ ಊರಲ್ಲಿ ಹಾಡುಗಾರಿಕೆ ಕಲಿಸಿಕೊಂಡು ಬದುಕುತ್ತಿದ್ದ. ಬಂದೂಕಿಗಿಂತ ಸಿನಿಮಾಕ್ಕೆ ಶಕ್ತಿ ಜಾಸ್ತಿ, ಅದನ್ನು ಕಲಿತು ದೇಶಕ್ಕೆ ವಾಪಸ್ ಹೋಗು ಅಂತ ಅವನು ಬುದ್ಧಿ ಹೇಳಿದ್ದನ್ನು ಫರ್ನಾಂಡೆಸ್ ಮುಂದೆ ನೆನೆಯುತ್ತಿದ್ದ. ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ ಮೆಕ್ಸಿಕೋದಲ್ಲಿ ತೆಗೆದ ದೃಶ್ಯಗಳನ್ನು ನೋಡಿದ್ದೂ ಅಲ್ಲೇ ಅಂತ ಹೇಳಿಕೊಂಡಿದ್ದಾನೆ.

ಕ್ಷಮಾದಾನ ಸಿಕ್ಕಿ ವಾಪಸ್ ಬಂದ ಮೇಲೆ, 1935ರಲ್ಲಿ ‘ಹಾನಿತ್ಸಿಯೋ’ ಅನ್ನುವ ಚಿತ್ರದಲ್ಲಿ ನಾಯಕನಾದ. ಪಾತ್ಸ್ಕ್ವಾರೋ ಸರೋವರದ ನಡುವಿನ ದ್ವೀಪದಲ್ಲಿ ಮೀನು ಹಿಡಿಯುವವನ ಪಾತ್ರ. ಅವನ ಪ್ರೇಯಸಿಯ ಮೇಲೆ ಊರಿನವರು ತಿರುಗಿಬೀಳುತ್ತಾರೆ, ಕಲ್ಲು ಹೊಡೆದು ಕೊಲ್ಲುತ್ತಾರೆ. ಈ ದೃಶ್ಯ ನೆನಪಿಟ್ಟುಕೊಳ್ಳಿ.

ಎಂಟು ವರ್ಷ ಬಿಟ್ಟು, 1943ರಲ್ಲಿ, ಅವನೇ ನಿರ್ದೇಶಿಸಿದ ‘ಮರಿಯಾ ಕಂದೆಲಾರಿಯಾ’ದಲ್ಲಿ ಮತ್ತೆ ನೀರು, ಮತ್ತೆ ದೋಣಿ, ಮತ್ತೆ ಊರು ದೂರ ಇಟ್ಟ ಒಬ್ಬ ಹೆಣ್ಣು, ಮತ್ತೆ ಕಲ್ಲು. ಈ ಸಲ ಜಾಗ ಮೆಕ್ಸಿಕೋ ನಗರದ ಪಕ್ಕದ ಸೊಚಿಮಿಲ್ಕೋ ಕಾಲುವೆಗಳು. ಮರಿಯಾ ವೇಶ್ಯೆಯ ಮಗಳು ಅನ್ನುವುದೇ ಅವಳ ತಪ್ಪು. ಹೂವು ಮಾರಲು ಹೋದರೆ ಊರಿನವರು ದೋಣಿಗೆ ಅಡ್ಡ ನಿಲ್ಲುತ್ತಾರೆ. ಅವಳಿಗಿರುವ ಆಸ್ತಿ ಒಂದು ಹಂದಿಮರಿ. ಅದು ದೊಡ್ಡದಾಗಿ ಮರಿ ಹಾಕಿದರೆ, ಮಾರಿ ಮದುವೆ ಆಗೋಣ ಅಂತ ಅವಳೂ ಅವಳ ಪ್ರಿಯಕರ ಲೊರೆಂಸೋ ರಫಾಯೆಲ್‌ನೂ ಲೆಕ್ಕ ಹಾಕುತ್ತಾರೆ. ಅಂಗಡಿಯವನು ದಾಮಿಯಾನ್ ಆ ಹಂದಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಮರಿಯಾಗೆ ಮಲೇರಿಯಾ ಬಂದಾಗ ಸರ್ಕಾರ ಕಳಿಸಿದ ಕ್ವಿನೈನ್ ಕೊಡಲ್ಲ ಅನ್ನುತ್ತಾನೆ. ಲೊರೆಂಸೋ ರಾತ್ರಿ ಅಂಗಡಿಗೆ ನುಗ್ಗಿ ಕ್ವಿನೈನ್ ಕದಿಯುತ್ತಾನೆ. ಹಾಗೇ, ಅವಳ ಮದುವೆಗೆ ಅಂತ ಒಂದು ಬಟ್ಟೆಯನ್ನೂ ಎತ್ತಿಕೊಳ್ಳುತ್ತಾನೆ. ನನಗೆ ಇಡೀ ಸಿನಿಮಾದಲ್ಲಿ ತುಂಬಾ ತಟ್ಟುವುದು ಇದು. ಔಷಧಿ ಮಾತ್ರ ಕದ್ದಿದ್ದರೆ ಅವನು ಬರೀ ಒಳ್ಳೆಯ ಬಡವ ಆಗಿರುತ್ತಿದ್ದ. ಆ ಬಟ್ಟೆಯನ್ನೂ ಕದ್ದಿದ್ದರಿಂದ ಅವನು ಆಸೆ ಇರುವ ಮನುಷ್ಯ ಆದ, ಅಲ್ವಾ?

ಅದಕ್ಕೇ ಅವನು ಜೈಲಿಗೆ ಹೋಗುತ್ತಾನೆ. ಅವನನ್ನು ಬಿಡಿಸಲು ಮರಿಯಾ ಒಬ್ಬ ಚಿತ್ರಕಾರನ ಮುಂದೆ ಕೂರುತ್ತಾಳೆ. ಬರೆಯುವುದು ಮುಖ ಮಾತ್ರ. ಮೈಗೆ ಬೇರೆ ಹೆಂಗಸು ಮಾಡೆಲ್. ಊರಿನವರು ನೋಡುವುದು ಮರಿಯಾಳ ಮುಖ ಇರುವ ಬೆತ್ತಲೆ ಚಿತ್ರ. ಉಳಿದದ್ದು ನಿಮಗೆ ಗೊತ್ತಾಗಿರಬೇಕು. ಕೊನೆಯಲ್ಲಿ ಹೂವು ತುಂಬಿದ ದೋಣಿಯಲ್ಲಿ ಅವಳ ಹೆಣ ಹೋಗುತ್ತದೆ.

ಮರಿಯಾ ಆಗಿದ್ದು ಹಾಲಿವುಡ್‌ನಲ್ಲಿ ಹೆಸರು ಮಾಡಿ ವಾಪಸ್ ಬಂದಿದ್ದ ದೊಲೋರೆಸ್ ದೆಲ್ ರಿಯೋ. ಶ್ರೀಮಂತ ಮನೆತನದ ಹೆಣ್ಣು, ಇಲ್ಲಿ ಬರಿಗಾಲಲ್ಲಿ ನಡೆಯುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಉಡುಗೊರೆ ತರಲು ದುಡ್ಡಿಲ್ಲದೆ ಫರ್ನಾಂಡೆಸ್ ಹೋಟೆಲ್‌ನಲ್ಲಿ ಕೂತು ಪೇಪರ್ ನ್ಯಾಪ್‌ಕಿನ್‌ಗಳ ಮೇಲೆ ಈ ಕಥೆ ಬರೆದು ಕೊಟ್ಟ ಅಂತ ಹೇಳುತ್ತಾರೆ. ಲೊರೆಂಸೋ ಆಗಿದ್ದು ಪೆದ್ರೋ ಅರ್ಮೆಂದಾರಿಸ್, ಕ್ಯಾಮೆರಾ ಗಾಬ್ರಿಯೆಲ್ ಫಿಗೆರೋವಾ, ಚಿತ್ರಕಥೆಯಲ್ಲಿ ಜೊತೆಗಾರ ಮೌರಿಸಿಯೋ ಮಗ್ದಲೇನೋ. ಈ ತಂಡ ನಾಲ್ಕೈದು ವರ್ಷದಲ್ಲಿ ಮೆಕ್ಸಿಕೋ ಸಿನಿಮಾದ ಮುಖವನ್ನೇ ಬದಲಿಸಿತು. 1946ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ದೊಡ್ಡ ಬಹುಮಾನವನ್ನು 11 ಚಿತ್ರಗಳು ಹಂಚಿಕೊಂಡವು. ಇದು ಅದರಲ್ಲಿ ಒಂದು. ಇನ್ನೊಂದು ನಮ್ಮ ಚೇತನ್ ಆನಂದ್ ಅವರ ‘ನೀಚಾ ನಗರ್’.

ಅವನೊಳಗಿನ ನಟ ಎಲ್ಲಿ ಕಾಣುತ್ತಾನೆ ಅಂತ ಕೇಳಿದರೆ ನಾನು ಅವನೇ ನಿರ್ದೇಶಿಸಿದ 1946ರ ‘ಎನಾಮೊರಾದಾ’ ಹಾಕಿ ತೋರಿಸುತ್ತೇನೆ. ರಾತ್ರಿ. ಕ್ರಾಂತಿಕಾರಿ ಜನರಲ್ ಹಾಡುಗಾರರನ್ನು ಕರೆತಂದು ನಾಯಕಿಯ ಕಿಟಕಿಯ ಕೆಳಗೆ ನಿಲ್ಲಿಸಿದ್ದಾನೆ. ಒಳಗೆ ಮರಿಯಾ ಫೆಲಿಕ್ಸ್ ಮಲಗಿದ್ದಾಳೆ. ಪರದೆ ತುಂಬಾ ಅವಳ ಕಣ್ಣುಗಳು. ಹಾಡು ಕೇಳುತ್ತಾ ಅವು ತೆರೆದುಕೊಳ್ಳುತ್ತವೆ, ಅಷ್ಟೇ. ಒಂದು ಮಾತಿಲ್ಲ. ಕೋಪ ಇನ್ನೂ ಇದೆ, ಆದರೆ ಏನೋ ಸಡಿಲವಾಗಿದೆ ಅಂತ ನಮಗೆ ಗೊತ್ತಾಗುತ್ತದೆ. ಎಕ್ಸ್‌ಟ್ರಾ ಆಗಿ ಗುಂಪಿನಲ್ಲಿ ನಿಂತವನಿಗೆ, ಕ್ಯಾಮೆರಾ ಒಂದು ಮುಖದ ಹತ್ತಿರ ಬಂದು ನಿಲ್ಲುವುದು ಎಷ್ಟು ದೊಡ್ಡ ಮರ್ಯಾದೆ ಅಂತ ಗೊತ್ತಿತ್ತು ಅಂತ ನನ್ನ ನಂಬಿಕೆ.

1950ರ ದಶಕದಲ್ಲಿ ನಿರ್ದೇಶಕನಾಗಿ ಅವನಿಗಿದ್ದ ಬೆಲೆ ಉಳಿಯಲಿಲ್ಲ. ಮತ್ತೆ ನಟನೆಗೆ ಬಂದ. ಜೀವನದಲ್ಲೂ ಅವನು ಸಾಧು ಅಲ್ಲ, ಅದನ್ನು ಮುಚ್ಚಿಡಬಾರದು. 1976ರಲ್ಲಿ ಒಬ್ಬನನ್ನು ಗುಂಡಿಟ್ಟು ಕೊಂದ, ಅದಕ್ಕೆ ಜೈಲಿಗೂ ಹೋದ. ಸಿನಿಮಾ ಚೆನ್ನಾಗಿದೆ ಅಂತ ಸತ್ತವನ ಲೆಕ್ಕ ಕಡಿಮೆ ಆಗುವುದಿಲ್ಲ. ಅವನು ತೀರಿಕೊಂಡದ್ದು 1986ರಲ್ಲಿ.

ಈಗ ಮೊದಲು ಹೇಳಿದ ಆ ಜನರಲ್‌ಗೆ ಬರೋಣ, ಪಾತ್ರದ ಹೆಸರು ಮಪಾಚೆ. ‘ದಿ ವೈಲ್ಡ್ ಬಂಚ್’ ಅನ್ನು ಸ್ಯಾಮ್ ಪೆಕಿನ್‌ಪಾ ಚಿತ್ರೀಕರಿಸಿದ್ದು ಕೊವಾವಿಲಾದಲ್ಲೇ, ಅಂದರೆ ಫರ್ನಾಂಡೆಸ್ ಹುಟ್ಟಿದ ರಾಜ್ಯದಲ್ಲೇ. ಸಿನಿಮಾದ ಶುರುವಿನಲ್ಲಿ ಮಕ್ಕಳು ಚೇಳನ್ನು ಇರುವೆಗಳ ನಡುವೆ ಬಿಟ್ಟು ನಗುತ್ತಾರಲ್ಲ, ಅದು ಫರ್ನಾಂಡೆಸ್ ಪೆಕಿನ್‌ಪಾಗೆ ಹೇಳಿದ ತನ್ನ ಬಾಲ್ಯದ ಆಟ. ನಟನಾಗಿ ಹೋದಾಗಲೂ ಅವನೊಳಗಿನ ನಿರ್ದೇಶಕ ಸುಮ್ನೆ ಕೂರಲಿಲ್ಲ.

ಪ್ರಶ್ನೆ ಕೇಳಿದವರಿಗೆ ನಾನು ಕೊನೆಗೆ ಅದೇ ಚಿತ್ರದ ಇನ್ನೊಂದು ದೃಶ್ಯ ಹಾಕುತ್ತೇನೆ. 1969ರಲ್ಲಿ ಬಿಡುಗಡೆಯಾದ ಮೇಲೆ ಇದನ್ನು ಕತ್ತರಿಸಿ ತೆಗೆದಿದ್ದರು, ವರ್ಷಗಳ ನಂತರ ವಾಪಸ್ ಸೇರಿತು. ರೈಲ್ವೆ ಸ್ಟೇಷನ್. ಕ್ರಾಂತಿಕಾರಿ ನಾಯಕ ಪಾಂಚೋ ವಿಯ್ಯಾನ ಪಡೆ ದಾಳಿ ಮಾಡಿದೆ, ಗುಂಡು ಬೀಳುತ್ತಿದೆ, ಮಪಾಚೆಯ ಸೈನಿಕರು ಹಿಂದೆ ಸರಿಯುತ್ತಿದ್ದಾರೆ. ಅವನು ಬಗ್ಗುವುದಿಲ್ಲ, ಓಡುವುದಿಲ್ಲ. ಯೂನಿಫಾರ್ಮ್ ಹಾಕಿದ ಒಬ್ಬ ಪುಟ್ಟ ಹುಡುಗ ಟೆಲಿಗ್ರಾಂ ಹಿಡಿದು ಬರುತ್ತಾನೆ, ತಲೆ ಎತ್ತಿ ಜನರಲ್‌ನನ್ನು ನೋಡುತ್ತಾನೆ. ಅಲ್ಲಿ ನಾನು ನಿಲ್ಲಿಸಿ, ಹುಡುಗನ ಕಣ್ಣನ್ನು ನೋಡಿ ಅನ್ನುತ್ತೇನೆ.